ಉಪ್ಪು ನೋಡಾಕ ಗೆಳತ್ಯಾರು ಬರ್ತಾರ

ಅತ್ತ್ಯಾರ,

ನೀವು ಹೊಲದಿಂದ ಬರೂದರಾಗ ನಾ ಗಜೇಂದ್ರಗಡಕ್ಕ ಹೋಗಿರ್ತೀನಿ. ಸಂಜಿಗೆ ನನ್ನ ಗೆಳತಿ ನೀಲಾನ್ನ, ಆಕಿ ತಂಗೀನ್ನ ಕರಕೊಂಡ ಬರ್ತೀನಿ. ನಿಮ್ಮ ಕಡೆಯಿಂದ ಬದನಿಕಾಯಿ ಎಣ್ಣಿಗಾಯಿ ಕಲೀಬೇಕಂತ. ಬದಲಿಗೆ ಅವರು ತಮ್ಮನಿ ಪುಂಡಿಪಲ್ಯ ಕಲಿಸ್ತಾರ.

ನೀವು ಏನೂ ಮಾಡಿಡಬ್ಯಾಡ್ರಿ. ಶೇಂಗಾ ಹುರದ ಇಟ್ಟೇನಿ. ಕಾಯಿ ಸೀಳೂದು, ಮಸಾಲಿ ತುಂಬೂದು ಅವರೇ ಮಾಡ್ಲಿ. ನೀವು ಕುಂತ ಹೇಳ್ರಿ ಸಾಕು. ಆದ್ರ "ಕೈಗೆ ಬಂದಷ್ಟು ಹಾಕ್ರಿ" ಅನಬ್ಯಾಡ್ರಿ ಮತ್ತ. ಹಂಗ ಹೇಳೇ ನನಗ ಸಾಕಷ್ಟು ಸತಾಯಿಸೀರಿ.

ಇನ್ನೊಂದು. ನಮ್ಮನ್ಯಾಗ ಕಲಿಸಾಕಿ ರುಚಿ ನೋಡಂಗಿಲ್ಲ, ಕಲಿಯಾಕಿನೇ ಉಪ್ಪು ನೋಡಬೇಕು ಅಂತ ಒಂದು ಪದ್ಧತಿ ಹುಟ್ಟಿಸಿ ಹೇಳೇನಿ. ಕೇಳಿದ್ರ ನೀವೂ ಹೌದನ್ರಿ.

ಆ ಜ್ವರ ಬಿಟ್ಟಾಗಿಂದ ನೀವು ಒಲಿ ಹತ್ರ ಬರವಲ್ರಿ. ಕೇಳಿದ್ರ ಸೊಂಟ ನೋವು ಅಂತೀರಿ. ನಾನೂ ಖರೇ ಅಂತ ನಂಬಿದ್ದೆ.

ಮೊನ್ನಿ ಸಾರಿಗೆ ಉಪ್ಪು ಹಾಕೂದೇ ಮರತಿದ್ದೆ. ನೀವು "ಭಾಳ ಚಲೋ ಆಗೇದವಾ" ಅಂತ ಎರಡನೇ ಸಲ ಹಾಕಿಸಿಕೊಂಡ್ರಿ.

ನಿಮ್ಮ ನಾಲಿಗಿ ಸುದ್ದಿ ಯಾರ ಮುಂದೂ ಹೇಳಿಲ್ಲ. ಸಂಜಿಗೆ ಒಲಿ ಮುಂದ ಕುಂದ್ರೂ ಮಣಿ ನಿಮ್ಮದೇ.

ಪುಷ್ಪಾವತಿ