ಜೆಲಿಯ ಮುಖಕ್ಕೆ ಮಿರೆತ್‌ಳ ಹೆಸರು

1911, ಅಕ್ಟೋಬರ್ 3, ಮಂಗಳವಾರ
ಇವತ್ತು ಬೆಳಿಗ್ಗೆ ನಮ್ಮ ಬೀದಿಯ ನಾಟಕಶಾಲೆಯವರು ಜೆಲಿ ಕೂರ್ತಮಾಂಶ್‌ಳ ಮುಖ ಕದ್ದರು. ಬ್ರೆಡ್ ತರಲು ಹೊರಟವನು ಗೋಡೆಯ ಮುಂದೆ ನಿಂತುಬಿಟ್ಟೆ. ಅವಳ ಅದೇ ಹಳೆಯ ಕಲ್ಲಚ್ಚಿನ ಜಾಹೀರಾತು ಚಿತ್ರ — ಕಿತ್ತಳೆ ಕೂದಲು, ಹಸಿರು ಲಂಗ, ಸೊಂಟದ ಮೇಲೆ ಕೈ. 1893ರಲ್ಲಿ, ಅವಳು ಹಾಡುತ್ತಿದ್ದ ಕಾಲಕ್ಕೆ, ಪ್ಯಾರಿಸ್ಸಿನ ಗೋಡೆಗೋಡೆಯ ಮೇಲೂ ಇತ್ತು. ಈಗ ಕೆಳಗೆ ದೊಡ್ಡಕ್ಷರದಲ್ಲಿ ‘ಮಿರೆತ್’. ಈ ವಾರದಿಂದ ಹಾಡಲಿರುವ ಹೊಸ ಹುಡುಗಿ.
ಹೇಗೆಂದು ಗೊತ್ತು. ಕಲ್ಲಚ್ಚಿನಲ್ಲಿ ಬಣ್ಣಕ್ಕೊಂದು ಕಲ್ಲು, ಅಕ್ಷರಕ್ಕೆ ಬೇರೆ ಕಲ್ಲು. ಅಕ್ಷರ ಬೀಳದ ಹಾಳೆಗಳು ಉಗ್ರಾಣದಲ್ಲಿ ಉಳಿದಿದ್ದವು. ಬೇಕಾದ ಹೆಸರು ಒತ್ತಿದರಾಯಿತು...

ಅಕ್ಟೋಬರ್ 4
ಮ್ಯಾನೇಜರ್ ಬಲಾಂದ್ಯೆಯನ್ನು ಕಂಡೆ. ಹದಿನೆಂಟು ವರ್ಷದ ಹಿಂದಿನ ಮುಖ ಯಾರಿಗೆ ನೆನಪಿದೆ ಎಂದ. ನನಗಿದೆ ಎಂದೆ. ನಿಮ್ಮೊಬ್ಬರಿಗೆ ಎಷ್ಟು ಟಿಕೆಟ್ ಮಾರಲಿ ಮೇಷ್ಟ್ರೇ ಎಂದು ನಕ್ಕ.
ಜೆಲಿಗೆ ಈಗ ಅಲ್ಲೇ ಕೆಲಸ. ಬಂದವರಿಗೆ ಸೀಟು ತೋರಿಸುವುದು. ತನ್ನದೇ ಮುಖದ ಕೆಳಗೆ ನಿಂತು.
ಸಂಜೆ ನಮ್ಮ ಕಟ್ಟಡದ ಕೆಳಗಿನ ಅವಳ ಕೋಣೆಯಲ್ಲಿ ಎಂದಿನಂತೆ ಈರುಳ್ಳಿ ಸೂಪು. ಪತ್ರಿಕೆಗೆ ಬರೆಯುತ್ತೇನೆ ಎಂದೆ. ಬೇಡ, ಕೆಲಸ ಹೋಗುತ್ತದೆ ಎಂದಳು. “ಈ ಮೂಗಿಗೆ ಇನ್ನೂ ಗಿರಾಕಿ ಇದ್ದಾರಲ್ಲ, ಖುಷಿಪಡಿ ಮೇಷ್ಟ್ರೇ.” ಬಡಿಸುವಾಗ ಬಲಗೈಯ ಸುಟ್ಟ ಗೆರೆ ಕಂಡಿತು. ಹಾಡಲು ಶುರುಮಾಡುವ ಮುಂಚೆ ಇಸ್ತ್ರಿ ಅಂಗಡಿಯಲ್ಲಿದ್ದಳು. ಕಲಾವಿದ ಅದನ್ನೂ ಬಿಟ್ಟಿರಲಿಲ್ಲ — ಚಿತ್ರದಲ್ಲಿ ಒಂದೇ ಕೆಂಪು ಗೀಟು. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಅಕ್ಟೋಬರ್ 11, ಸಂಜೆ ಐದು
ವಾರವಿಡೀ ಪೆನ್ನು ಮುಟ್ಟಿರಲಿಲ್ಲ.
ಇವತ್ತು ಜೆಲಿಯೇ ಬಂದಳು. ಐದು ಮಹಡಿ, ಮಂಡಿನೋವಿನಲ್ಲಿ. ಕೂರಲಿಲ್ಲ. ಹುಡುಗಿ ಚಿತ್ರದ ಹಾಗೆ ಕಾಣುತ್ತಿಲ್ಲವೆಂದು ಜನ ಗೊಣಗಿದರಂತೆ. ಬಲಾಂದ್ಯೆ ಆ ಹುಡುಗಿಯ ತೋಳಿಗೆ ಕೆಂಪು ಬಣ್ಣದಲ್ಲಿ ಸುಟ್ಟ ಗೆರೆ ಬರೆಸಿದ್ದಾನೆ. ಸರಿಯಾಗಿ ಎಲ್ಲಿ, ಎಷ್ಟುದ್ದ ಎಂದು ತೋರಿಸಲು ಕರೆದದ್ದು — ಜೆಲಿಯನ್ನೇ. ಪಾಪ, ಆ ಹುಡುಗಿ ತಲೆ ಎತ್ತಲಿಲ್ಲವಂತೆ.
“ಮುಖ ಇಟ್ಕೊಳ್ಲಿ, ಮೂಗು ಇಟ್ಕೊಳ್ಲಿ. ಇದು ಹನ್ನೊಂದು ವರ್ಷದವಳಿದ್ದಾಗ ಸುಟ್ಟದ್ದು. ಅತ್ತಿದ್ದು ನಾನು. ಬರೀರಿ ಮೇಷ್ಟ್ರೇ.”
ಕೆಲಸದ ಗತಿ ಏನೆಂದೆ.
“ಇಸ್ತ್ರಿ ಮಾಡೋದೇನೂ ಮರೆತಿಲ್ಲ.”

ಅಕ್ಟೋಬರ್ 12
ಪತ್ರಿಕೆಗೆ ಬರೆದ ಪತ್ರವನ್ನು ಜೆಲಿಗೆ ಓದಿ ಹೇಳಿದೆ. ‘ಅಪ್ರತಿಮ ಗಾಯಕಿ’ ಎಂಬುದನ್ನು ಹೊಡೆದುಹಾಕಿಸಿದಳು. ಹೆಸರು ಸಾಕಂತೆ. ನಾನು ಒಪ್ಪಲಿಲ್ಲ, ಅವಳು ಬಿಡಲಿಲ್ಲ. ಕೊನೆಯ ಸಾಲುಗಳು ಹೀಗಿವೆ:
ಮೊಸ್ಯೂ ಬಲಾಂದ್ಯೆ, ನಿಮ್ಮ ಗೋಡೆಯ ಮೇಲಿರುವ ಹೆಂಗಸು ಯಾರು? ಉತ್ತರ ನನಗೆ ಬೇಡ. ಇದೇ ಪತ್ರಿಕೆಯಲ್ಲಿ, ಊರಿಗೆಲ್ಲ ಕಾಣುವಂತೆ ಹೇಳಿ. ಶನಿವಾರದೊಳಗೆ. ತಪ್ಪಿದರೆ ಭಾನುವಾರದ ಆಟಕ್ಕೆ ಮೊದಲ ಸಾಲಿನಲ್ಲಿ ನಾನಿರುತ್ತೇನೆ, ಪರದೆ ಏಳುತ್ತಲೇ ಎದ್ದು ನಿಂತು ಇದೇ ಪ್ರಶ್ನೆಯನ್ನು ಕೇಳುತ್ತೇನೆ.