ಕರಗುವ ನೂಲು

ಕಡಬ
2-5-1984

ಪ್ರೀತಿಯ ಅಣ್ಣನಿಗೆ,

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಹೊಟ್ಟೆ ತೆರೆದು ನೋಡಿದ ಡಾಕ್ಟರರು ಗಡ್ಡೆ ತೆಗೆಯದೆ ಹಾಗೆಯೇ ಮುಚ್ಚಿದರು. ಅದು ಲಿವರಿಗೂ ಹಬ್ಬಿದೆಯಂತೆ. ಬಿ.ಎ. ಓದಿದವಳೆಂದು ನನ್ನೊಬ್ಬಳನ್ನೇ ಕರೆದು ಇಂಗ್ಲಿಷಿನಲ್ಲಿ ಹೇಳಿದರು.

"ಎಂತ ಹೇಳಿದ್ರು? ಹೊಲಿಗೆ ಬಿಚ್ಚಲಿಕ್ಕೆ ಯಾವಾಗ ಹೋಗುದು?" ಎಂದು ಅಪ್ಪ ಕೇಳಿದರು. ಹಾಕಿದ್ದು ಹೊಸ ಬಗೆಯ ನೂಲು, ಮೈಯೊಳಗೆ ತಾನಾಗಿ ಕರಗುತ್ತದೆ, ಪುನಃ ಹೋಗಬೇಕಾಗಿಲ್ಲ ಎಂದೆ. ನೂಲಿನ ಮಾತು ಸುಳ್ಳಲ್ಲ.

ಟೈಲರಲ್ಲವೇ, ನೋಡಲು ಬಂದವರಿಗೆಲ್ಲ ಈಗ ಅದೇ ಕತೆ. "ಅಂಥ ನೂಲಲ್ಲಿ ನಾನು ನಿಮ್ಮ ಚಡ್ಡಿ ಹೊಲಿದಿದ್ರೆ ಬಿಡ್ತಿದ್ರಾ ಮಾರಾಯ್ರೆ?" ಎಂದು ನಗುತ್ತಾರೆ. ನೂಲು ಕರಗಿದರೆ ನೋವೂ ಹೋಗುತ್ತದೆಂದು ನಂಬಿ, ಶಾಲೆ ಮಕ್ಕಳ ಯೂನಿಫಾರಂ ಬಟ್ಟೆ ಹೊಲಿಯಲು ತೆಗೆದುಕೊಳ್ಳುತ್ತಿದ್ದಾರೆ. ನಾನು ಅದನ್ನು ಅವರಿಗೆ ತಿಳಿಯದಂತೆ ಒಬ್ಬೊಬ್ಬರಿಗೇ ಹಿಂದೆ ಕೊಡುತ್ತಿದ್ದೇನೆ.

ಬೊಂಬಾಯಿಯಿಂದ ಕೂಡಲೇ ಹೊರಡು. ಮಳೆಗಾಲದವರೆಗೆ ಕಾಯಬೇಡ, ಡಾಕ್ಟರರು ಅಷ್ಟು ದಿನ ಹೇಳಿಲ್ಲ. ನೀನು ತರುವ ಬಟ್ಟೆಯಲ್ಲಿ ನಿನಗೊಂದು ಅಂಗಿ ಹೊಲಿಯಬೇಕೆಂದು ಅಪ್ಪ ಅಳತೆಯ ಟೇಪನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ. ಅವರು ಅಳೆದು ಮುಗಿಸುವವರೆಗೆ ಅಲುಗಾಡದೆ ನಿಲ್ಲು. ಬಟ್ಟೆ ಮಾತ್ರ ತರಬೇಡ, ಮರೆತೆ ಎಂದು ಹೇಳು.

ನಿನ್ನ ತಂಗಿ
ದಮಯಂತಿ