ನಾಳೆಗೆ ಕೂಡಿಟ್ಟ ಬಿಸಿ

ಜನವರಿ ೧೯, ಭಾನುವಾರ. ಸ್ಟ್ರೋಮ್‌ನೆಸ್.

ಮತ್ತೆ ಗಾಳಿ. ದ್ವೀಪಕ್ಕೆ ಬರುವ ನಾಳೆಯ ಹಡಗು ರದ್ದು. ಮನೆಗೆ ಹೊರಟಿದ್ದ ಎರ್ಲೆಂಡ್ ಆಚೆ ದಡದಲ್ಲೇ ಉಳಿದ.

ನನಗೆ ಸಿಟ್ಟು ಬಂದದ್ದು ಮಾತ್ರ ಹೀಟರಿನ ಮೇಲೆ. ರಾತ್ರಿಯ ಅಗ್ಗದ ಕರೆಂಟಿನಲ್ಲಿ ಅದರೊಳಗಿನ ಇಟ್ಟಿಗೆಗಳು ಬಿಸಿಯಾಗಬೇಕು, ಆ ಬಿಸಿ ಮರುದಿನಕ್ಕೆ. ನಾಳೆ ಮನೆಯಲ್ಲಿ ಒಬ್ಬರೋ ಇಬ್ಬರೋ ಎಂದು ಇವತ್ತೇ ತೀರ್ಮಾನಿಸಬೇಕು. ಒಬ್ಬಳಿಗಾದರೆ ಸ್ವಲ್ಪ ಸಾಕು. ಇವತ್ತು ಮಧ್ಯಾಹ್ನವೇ ಬಿಸಿ ತುಂಬುವ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿದ್ದೆ, ಗಂಡ ಬರುತ್ತಾನೆಂದು.

ಅವನು ಮನೆಯಲ್ಲಿದ್ದರೆ ಬೆಳಿಗ್ಗೆ ಏಳುತ್ತಲೇ ಬಿಸಿ ಬಿಡುವ ಗುಂಡಿಯನ್ನು ಪೂರ್ತಿ ತೆರೆದುಬಿಡುತ್ತಾನೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಸಂಜೆಗೆ ಹೀಟರು ತಣ್ಣಗೆ. ನಾನು ಬೈಯುತ್ತೇನೆ, ಅವನ ಕಂಬಳಿಯೊಳಗೇ ಕೂತು. ಅವನಿಲ್ಲದಾಗ ಆ ಗುಂಡಿ ಹಗಲೆಲ್ಲ ಮುಚ್ಚಿರುತ್ತದೆ, ಸಂಜೆ ಕೋಣೆ ಬೆಚ್ಚಗಿರುತ್ತದೆ. ಯಾರಿಗೆ ಬೇಕು ಆ ಜಾಣತನ.

ಈಗಷ್ಟೇ ಫೋನ್ ಮಾಡಿದ್ದ.

"ತುಂಬೋ ಗುಂಡಿ ಇಳಿಸಿಬಿಡೇ. ಒಬ್ಳಿಗೆ ಯಾಕೆ ಅಷ್ಟೊಂದು ಬಿಸಿ?"

"ಇಳಿಸಲ್ಲ."

"ನಾಳೆ ಸೆಕೆ ಅಂತ ಕಿಟಕಿ ತೆಗೀತೀಯ ನೋಡು."

"ಬೆಳಗ್ಗೆನೇ ಎಲ್ಲಾ ಬಿಟ್ಬಿಡ್ತೀನಿ, ನಿನ್ನ ಥರಾನೇ."

"ಅಯ್ಯೋ ಪೆದ್ದಿ, ಸಂಜೆ ನಡುಗ್ತೀಯಲ್ಲೇ!"

"ನಡುಗ್ತೀನಿ. ನಿಂಗೇನು?"

ಆಮೇಲೆ, "ಕಂಬಳಿ ಮೇಲಿನ ಕಪಾಟಲ್ಲಿದೆ," ಅಂದ.

ಕಂಬಳಿ ಇಳಿಸಿಟ್ಟಿದ್ದೇನೆ, ಗುಂಡಿಯನ್ನಲ್ಲ. ಹೀಟರು ಆಗಲೇ ಟಿಕ್ ಟಿಕ್ ಎನ್ನುತ್ತಿದೆ. ತುಂಬಿಕೊಳ್ಳಲಿ. ನಾಳೆ ಸಂಜೆ ಈ ಕೋಣೆ, ಅವನಿದ್ದಾಗ ಇರುವಷ್ಟೇ ತಣ್ಣಗಿರಬೇಕು.